ಉಬ್ಬು ಬೇಕು, ಹುಳಿ ಸಾಕು

ಸೌರ್‌ಡೋ ಎಂದೊಡನೆ ಕಣ್ಣಿಗೆ ಕಟ್ಟುವುದು ಕೆಫೆಯ ಗಾಜಿನ ಕಪಾಟಿನಲ್ಲಿ ಕೂತ ದುಂಡನೆಯ ಕಂದು ಬ್ರೆಡ್. ಮೈಮೇಲೆ ಬ್ಲೇಡಿನ ಗೀರು, ಸುತ್ತ ಹಿಟ್ಟಿನ ಧೂಳು. ನೋಡಲು ಗತ್ತು, ತಿನ್ನಲು ದವಡೆಗೆ ದಂಡ. ಒಳಗಿನ ದೊಡ್ಡ ತೂತುಗಳಿಂದ ಬೆಣ್ಣೆ ತಟ್ಟೆಗೆ ಇಳಿಯುತ್ತದೆ, ಚಟ್ನಿ ಸ್ಯಾಂಡ್‌ವಿಚ್ ಮಾಡಿದರೆ ಚಟ್ನಿ ಬೆರಳಿಗೇ ಬರುತ್ತದೆ. ಮನೆಯ ಹಿರಿಯರು ಅದನ್ನು ಕಾಫಿಯಲ್ಲಿ ಅದ್ದಿ ನೆನೆಯುವವರೆಗೂ ಕಾಯುತ್ತಾರೆ, ಮಕ್ಕಳು ಅಂಚು ಕಿತ್ತು ಬದಿಗಿಡುತ್ತಾರೆ. ಅಯ್ಯಂಗಾರ್ ಬೇಕರಿಯ ಬ್ರೆಡ್ ತಿಂದು ಬೆಳೆದವರಿಗೆ ಬ್ರೆಡ್ ಅಂದರೆ ಒತ್ತಿದಾಗ ಕುಗ್ಗಿ, ಬಿಟ್ಟಾಗ ಮತ್ತೆ ಎದ್ದು ನಿಲ್ಲಬೇಕು.

ಹೀಗಾಗಿ ಸೌರ್‌ಡೋ ಒಂದು ಜಾತಿ, ಮೆತ್ತನೆಯ ಬ್ರೆಡ್ ಇನ್ನೊಂದು ಜಾತಿ ಎಂಬ ನಂಬಿಕೆ ಬೇರೂರಿದೆ. ಅದಕ್ಕೆ ಆಧಾರವಿಲ್ಲ. ಗಟ್ಟಿ ತೊಗಟೆಗೆ ಕಾರಣ ಹುದುಗಲ್ಲ. ಹಿಟ್ಟು, ನೀರು, ಉಪ್ಪು ಬಿಟ್ಟು ಬೇರೇನೂ ಹಾಕದೆ, ಮೊದಲು ಹಬೆ ಕೊಟ್ಟು, 230 ರಿಂದ 250 ಡಿಗ್ರಿ ಕಾವಿನಲ್ಲಿ ಬೇಯಿಸಿದರೆ ತೊಗಟೆ ಹಾಗೆ ಆಗುತ್ತದೆ. ಅದೇ ಹುದುಗಿಗೆ ಹಾಲು, ಬೆಣ್ಣೆ, ಒಂದಿಷ್ಟು ಸಕ್ಕರೆ ಸೇರಿಸಿ ತಗಡಿನ ಟಿನ್ನಿನಲ್ಲಿ 180 ಡಿಗ್ರಿಗೆ ಬೇಯಿಸಿದರೆ ಬರುವ ಬ್ರೆಡ್ಡೇ ಬೇರೆ. ನಂಬಿಕೆ ಬಾರದವರು ಮಿಲಾನ್ ನಗರದ ಪನೆಟ್ಟೋನೆ ನೆನಪಿಸಿಕೊಳ್ಳಬಹುದು. ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಅಂಗಡಿಗಳಿಗೂ ಡಬ್ಬದಲ್ಲಿ ಬರುವ, ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಆ ಸಿಹಿ ಬ್ರೆಡ್ ಉಬ್ಬುವುದು ಸೌರ್‌ಡೋ ಹುದುಗಿನಿಂದ. 2005ರಲ್ಲಿ ಇಟಲಿ ಸರಕಾರ ಹೊರಡಿಸಿದ ಆದೇಶದ ಪ್ರಕಾರ ನೈಸರ್ಗಿಕ ಹುಳಿಹಿಟ್ಟಿನ ಹುದುಗಿಲ್ಲದ್ದನ್ನು ಅಲ್ಲಿ ಪನೆಟ್ಟೋನೆ ಎಂದು ಮಾರುವಂತಿಲ್ಲ. ಅದನ್ನು ತಿಂದ ಯಾರೂ ಹುಳಿ ಎಂದು ಮುಖ ಹಿಂಡಿದ್ದು ಕೇಳಿಲ್ಲ.

ಗುಟ್ಟೆಲ್ಲ ಇರುವುದು ಹೆಪ್ಪಿನಲ್ಲಿ. ಪುಸ್ತಕಗಳು ಸ್ಟಾರ್ಟರ್ ಎನ್ನುವ, ಬಾಟಲಿಯಲ್ಲಿ ಗುಳ್ಳೆಗುಳ್ಳೆಯಾಗಿ ಕೂತಿರುವ ಹಿಟ್ಟನ್ನು ಇಲ್ಲಿ ಹೆಪ್ಪು ಎಂದೇ ಕರೆಯುತ್ತೇನೆ. ಅದರೊಳಗೆ ಎರಡು ಬಗೆಯ ಜೀವಿಗಳಿವೆ. ಒಂದು ಯೀಸ್ಟ್, ಅದು ಹಿಟ್ಟನ್ನು ಉಬ್ಬಿಸುತ್ತದೆ. ಇನ್ನೊಂದು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ, ಅದು ಹುಳಿ ಬರಿಸುತ್ತದೆ. ಇವೆರಡೂ ಹೊಡೆದಾಡದೆ ಒಂದೇ ಬಾಟಲಿಯಲ್ಲಿ ಹೇಗಿವೆ ಎಂಬುದನ್ನು ಸ್ಯಾನ್ ಫ್ರಾನ್ಸಿಸ್ಕೊದ ಪ್ರಸಿದ್ಧ ಬ್ರೆಡ್ಡುಗಳನ್ನು ಇಟ್ಟುಕೊಂಡು ಬಿಡಿಸಿ ಹೇಳಿದವರು ಅಮೆರಿಕದ ವಿಜ್ಞಾನಿಗಳಾದ ಲಿಯೋ ಕ್ಲೈನ್ ಮತ್ತು ಫ್ರಾಂಕ್ ಸುಗಿಹಾರಾ, 1971ರಲ್ಲಿ. ಹಿಟ್ಟಿನ ಪಿಷ್ಟ ಒಡೆದಾಗ ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟುತ್ತದೆ. ಅಲ್ಲಿನ ಯೀಸ್ಟಿಗೆ ಮಾಲ್ಟೋಸ್ ಸೇರದು, ಬ್ಯಾಕ್ಟೀರಿಯಾಕ್ಕೆ ಅದೇ ಬೇಕು. ಬ್ಯಾಕ್ಟೀರಿಯಾ ಅದನ್ನು ಒಡೆದು ತಿನ್ನುವಾಗ ಹೊರಗೆ ಬಿಟ್ಟ ಗ್ಲೂಕೋಸ್ ಯೀಸ್ಟಿನ ಊಟಕ್ಕಾಗುತ್ತದೆ. ಬ್ಯಾಕ್ಟೀರಿಯಾ ಬಿಡುವ ಆಮ್ಲಕ್ಕೆ ಬೇರೆ ಸೂಕ್ಷ್ಮಜೀವಿಗಳು ಹೆದರಿ ದೂರ ಉಳಿಯುತ್ತವೆ, ಈ ಯೀಸ್ಟ್ ಮಾತ್ರ ಜಗ್ಗುವುದಿಲ್ಲ.

ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್ ಬೇಕೆಂದರೆ ಮಾಡಬೇಕಾದ ಕೆಲಸ ಒಂದೇ, ಯೀಸ್ಟಿನ ಕೈ ಮೇಲಾಗುವಂತೆ ನೋಡಿಕೊಳ್ಳುವುದು. ಇಲ್ಲೇ ನಮ್ಮೂರಿನ ಸೆಖೆ ಆಟ ಕೆಡಿಸುವುದು. ಜರ್ಮನಿಯ ಸಂಶೋಧಕರು 1998ರಲ್ಲಿ ಈ ಎರಡು ಜೀವಿಗಳ ಬೆಳವಣಿಗೆಯನ್ನು ಬೇರೆ ಬೇರೆ ಉಷ್ಣಾಂಶದಲ್ಲಿ ಅಳೆದು ತೋರಿಸಿದ್ದಾರೆ. ಯೀಸ್ಟ್ ಚುರುಕಾಗಿರುವುದು 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬ್ಯಾಕ್ಟೀರಿಯಾಕ್ಕೆ 32, 33 ಡಿಗ್ರಿ ಹಿತ. ಅಂದರೆ 30 ದಾಟಿದೊಡನೆ ಹುಳಿ ಓಡತೊಡಗುತ್ತದೆ, ಉಬ್ಬು ಅದರ ಹಿಂದೆ ಬೀಳತೊಡಗುತ್ತದೆ. 35ಕ್ಕೆ ಈ ಯೀಸ್ಟ್ ಕೈಚೆಲ್ಲುತ್ತದೆ. ನಾವು ಓದುವ ವಿಧಾನಗಳೋ ಬಹುಪಾಲು 20, 22 ಡಿಗ್ರಿಯ ಅಡುಗೆಮನೆಗಳಲ್ಲಿ ಬರೆದಂಥವು. ಅದರಲ್ಲಿ ‘ರಾತ್ರಿಯಿಡೀ ಹೊರಗೆ ಬಿಡಿ’ ಎಂದಿದ್ದರೆ ಮಂಗಳೂರಿನಲ್ಲಿ ಅದನ್ನು ನಂಬಿ ಮಲಗಬಾರದು. ರಾಯಚೂರಿನ ಮೇ ತಿಂಗಳ ಮಾತು ಬಿಡಿ. ಬೆಂಗಳೂರಿನಲ್ಲೂ ಡಿಸೆಂಬರಿನ ಗಂಟೆ ಲೆಕ್ಕ ಏಪ್ರಿಲ್‌ಗೆ ನಡೆಯುವುದಿಲ್ಲ.

ಹುಳಿ ಹೆಚ್ಚಾದರೆ ನಾಲಿಗೆಗೆ ಮಾತ್ರ ತೊಂದರೆ ಎಂದುಕೊಳ್ಳಬೇಡಿ. ಆಮ್ಲ ಮಿತಿಯಲ್ಲಿದ್ದಾಗ ಗೋಧಿಯ ಗ್ಲುಟೆನ್ ಬಿಗಿಯಾಗುತ್ತದೆ. ಮಿತಿ ಮೀರಿದರೆ ಹಿಟ್ಟಿನಲ್ಲೇ ಇರುವ, ಪ್ರೋಟೀನ್ ಕಡಿಯುವ ಕಿಣ್ವಗಳು ಚುರುಕಾಗಿ ಅದೇ ಗ್ಲುಟೆನ್ ಜಾಲ ಹರಿದುಹೋಗುತ್ತದೆ. ಕಣಕ ಕೈಗೆ ಅಂಟಿಕೊಂಡು ಜೋಲು ಬೀಳುತ್ತದೆ, ಓವನ್ನಿಗೆ ಹೋದರೂ ಮೇಲೇಳುವುದಿಲ್ಲ. ಮನೆಯಲ್ಲಿ ಮಾಡಿದ ಸೌರ್‌ಡೋ ಇಟ್ಟಿಗೆಯಾಯಿತು ಎನ್ನುವವರಲ್ಲಿ ಅರ್ಧಕ್ಕರ್ಧ ಜನ ಅದು ಹುಳಿಯೂ ಆಗಿತ್ತು ಎನ್ನುವುದು ಇದಕ್ಕೇ.

ಈಗ ಹೆಪ್ಪು ಎಬ್ಬಿಸುವ ಕೆಲಸ. ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು 50 ಗ್ರಾಂ, ನೀರು 50 ಗ್ರಾಂ, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಕಲಸಿ ಸಡಿಲ ಮುಚ್ಚಳ ಇಟ್ಟರಾಯಿತು. ಯೀಸ್ಟೂ ಬ್ಯಾಕ್ಟೀರಿಯಾವೂ ಹಿಟ್ಟಿನಲ್ಲೇ ಇರುತ್ತವೆ. ದ್ರಾಕ್ಷಿ, ಮೊಸರು, ಜೇನು ಯಾವುದನ್ನೂ ಹಾಕಬೇಕಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿದ ನೀರು ಬಳಸಿ. ದಿನಕ್ಕೊಮ್ಮೆ ಅರ್ಧಕ್ಕಿಂತ ಹೆಚ್ಚು ತೆಗೆದು ಹೊಸ ಹಿಟ್ಟು, ಹೊಸ ನೀರು ಹಾಕುತ್ತ ಬರಬೇಕು. ಎರಡನೇ ದಿನವೋ ಮೂರನೇ ದಿನವೋ ಅದು ಧಡಕ್ಕನೆ ಉಬ್ಬಿ ಕೊಳೆತ ವಾಸನೆ ಬರಿಸುತ್ತದೆ. ಆಮೇಲೆ ಮೂರ್ನಾಲ್ಕು ದಿನ ಸತ್ತಂತೆ ಬಿದ್ದಿರುತ್ತದೆ. ಬಹಳ ಜನ ಚೆಲ್ಲುವುದು ಆಗಲೇ. ಮೊದಲ ಉಬ್ಬು ಯೀಸ್ಟಿನದಲ್ಲ, ಹಿಟ್ಟಿನ ಜೊತೆ ಬಂದ ಕಂಡಕಂಡ ಬ್ಯಾಕ್ಟೀರಿಯಾಗಳದ್ದು. ಹುಳಿ ಏರಿದಂತೆ ಅವು ಸಾಯುತ್ತವೆ, ನಿಧಾನವಾಗಿ ನಮಗೆ ಬೇಕಾದವು ಎದ್ದು ಬರುತ್ತವೆ. ಒಂದರಿಂದ ಎರಡು ವಾರದಲ್ಲಿ, ಊಟ ಹಾಕಿದ ನಾಲ್ಕೈದು ಗಂಟೆಯಲ್ಲಿ ಎರಡು ಪಾಲಾಗಿ ಹಣ್ಣಿನ ಪರಿಮಳ ಬೀರುವ ಹೆಪ್ಪು ತಯಾರು.

ನೂರು ವರ್ಷದ ಹೆಪ್ಪು, ವಿದೇಶಿ ಹೆಪ್ಪು ಎಂದು ಪುಡಿ ಮಾಡಿ ಮಾರುವವರೂ ಇದ್ದಾರೆ. ದುಡ್ಡು ಉಳಿಸಿಕೊಳ್ಳಿ. ನಾಲ್ಕು ಖಂಡಗಳಿಂದ 500 ಹೆಪ್ಪುಗಳನ್ನು ತರಿಸಿ ಅವುಗಳ ಜೀವಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಗಿದೆ. ಯಾವ ಊರಿನದು ಎಂಬುದಕ್ಕೂ ಒಳಗೆ ಯಾರಿದ್ದಾರೆ ಎಂಬುದಕ್ಕೂ ಹೇಳಿಕೊಳ್ಳುವಂಥ ನಂಟೇ ಅಲ್ಲಿ ಕಾಣಲಿಲ್ಲ. ಅಂದಹಾಗೆ ಪೊಟ್ಟಣದ ಯೀಸ್ಟ್ ಇಲ್ಲದೆ ಬ್ರೆಡ್ ಮಾಡುವುದು ನಮ್ಮ ಕಡೆಗೆ ಹೊಸ ಸಂಗತಿಯೂ ಅಲ್ಲ. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಬ್ರೆಡ್ ಮಾಡುವ ಪೊದೆರ್‌ಗಳು ತೆಂಗಿನ ಕಳ್ಳು ಹಾಕಿ ಪಾವ್ ಉಬ್ಬಿಸುತ್ತಿದ್ದರು. ಕಳ್ಳಿನಲ್ಲಿ ಇರುವುದೂ ಇದೇ ಎರಡು ಬಣ, ಯೀಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ.

ಹಿಟ್ಟಿನ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ನಮ್ಮ ಮೈದಾ ಅಮೆರಿಕ, ಕೆನಡಾದ ಬ್ರೆಡ್ ಹಿಟ್ಟಿಗಿಂತ ಮೆದು, ಪ್ರೋಟೀನ್ ಕಡಿಮೆ. ಪೊಟ್ಟಣದ ಮೇಲೆ 100 ಗ್ರಾಮಿಗೆ 11 ಗ್ರಾಂ ಇಲ್ಲವೇ ಅದಕ್ಕಿಂತ ಹೆಚ್ಚು ಪ್ರೋಟೀನ್ ಎಂದು ಬರೆದದ್ದು ಸಿಕ್ಕರೆ ಕೆಲಸ ಸಲೀಸು. ಮೂರರಲ್ಲಿ ಒಂದು ಪಾಲು ಚಪಾತಿ ಹಿಟ್ಟು ಬೆರೆಸಿದರೆ ಬ್ರೆಡ್ಡಿಗೆ ಗೋಧಿಯ ರುಚಿ ಬರುತ್ತದೆ. ಕಲ್ಲಿನಲ್ಲಿ ಬೀಸುವಾಗ ಪಿಷ್ಟದ ಕಣಗಳು ಜಜ್ಜಿಹೋಗುವುದರಿಂದ ಅದು ನೀರು ಹೆಚ್ಚು ಕುಡಿಯುತ್ತದೆ, ಅಷ್ಟು ನೆನಪಿರಲಿ. ಪೂರ್ತಿ ಗೋಧಿ ಹಿಟ್ಟಿನಲ್ಲೇ ಮಾಡುತ್ತೇನೆಂದು ಹಟ ಹಿಡಿದರೆ ಬ್ರೆಡ್ ಆಗುತ್ತದೆ, ಆದರೆ ಹತ್ತಿಯಂಥ ಮೆತ್ತಗಿನದ್ದು ಆಗದು, ಹೊಟ್ಟಿನ ಚೂಪು ಚೂರುಗಳು ಗ್ಲುಟೆನ್ ಪೊರೆಯನ್ನು ಕತ್ತರಿಸುತ್ತವೆ. ಹುಗ್ಗಿಗೆ ಸೊಗಸಾದ ಖಪ್ಲಿ ಗೋಧಿಯ ಗ್ಲುಟೆನ್ ಇನ್ನೂ ದುರ್ಬಲ, ಅದನ್ನು ಹುಗ್ಗಿಗೇ ಬಿಡುವುದು ಮೇಲು.

ಒಂದು ದೊಡ್ಡ ಬ್ರೆಡ್ಡಿಗೆ, ಅಂದರೆ 9 ಇಂಚು ಉದ್ದ, 4 ಇಂಚು ಅಗಲ, 4 ಇಂಚು ಎತ್ತರದ ಟಿನ್ನಿಗೆ ಲೆಕ್ಕ ಹೀಗೆ. ಮೊದಲು ಮುಖ್ಯ ಹೆಪ್ಪಿನಿಂದ ಸಿಹಿ ಗಟ್ಟಿ ಹೆಪ್ಪು ಮಾಡಿಕೊಳ್ಳಬೇಕು. ಚುರುಕಾಗಿ ಉಬ್ಬಿರುವ ಹೆಪ್ಪು 30 ಗ್ರಾಂ, ಮೈದಾ 75 ಗ್ರಾಂ, ನೀರು 30 ಗ್ರಾಂ, ಸಕ್ಕರೆ 12 ಗ್ರಾಂ ಸೇರಿಸಿ ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿ ನಾದಿ ಮುಚ್ಚಿಡಿ. ಹುಳಿಗೆ ಲಗಾಮು ಬೀಳುವುದು ಈ ಹಂತದಲ್ಲಿ. ನೀರು ಕಡಿಮೆ ಇದ್ದು, ಇದ್ದ ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಂಡರೆ ಬ್ಯಾಕ್ಟೀರಿಯಾಗಳ ಓಟ ತಗ್ಗುತ್ತದೆ. 26 ಡಿಗ್ರಿಯಲ್ಲಿ ಇದು ಎರಡೂವರೆ ಪಾಲಾಗಲು ಎಂಟು ಗಂಟೆಯಾದರೂ ಬೇಕು. ಬೇಸಿಗೆಯಲ್ಲಿ ಐದೇ ಗಂಟೆಗೆ ಸಿದ್ಧವಾದೀತು. ಉಬ್ಬಿ ನಿಂತು ಇನ್ನೇನು ಇಳಿಯಬೇಕು ಎನ್ನುವ ಮೊದಲೇ ಬಳಸಿಬಿಡಬೇಕು. ಮುರಿದು ಮೂಸಿದರೆ ಸಿಹಿ ವಾಸನೆ ಇರಬೇಕು. ಮೂಗಿಗೆ ವಿನೆಗರ್ ಹೊಡೆದರೆ ಹೊತ್ತು ಮೀರಿದೆ ಎಂದರ್ಥ.

ಎರಡನೆಯದು ಹಿಟ್ಟಿನ ಸರಿ. ಮೈದಾ 20 ಗ್ರಾಂ, ಹಾಲು 100 ಗ್ರಾಂ ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಸೌಟು ಎಳೆದಾಗ ಪಾತ್ರೆಯ ತಳದಲ್ಲಿ ಗೆರೆ ನಿಂತರೆ ಇಳಿಸಿ. 65 ಡಿಗ್ರಿ ಸುತ್ತಮುತ್ತ ಪಿಷ್ಟ ನೀರು ಹೀರಿ ಊದಿಕೊಳ್ಳುತ್ತದೆ. ಹೀಗೆ ಮೊದಲೇ ಬೆಂದ ಪಿಷ್ಟ ಹಿಡಿದಿಟ್ಟುಕೊಂಡ ನೀರು ನಾದುವಾಗ ಕೈಗೆ ಅಂಟುವುದಿಲ್ಲ, ಬೇಯುವಾಗ ಸುಲಭವಾಗಿ ಆರುವುದಿಲ್ಲ. ಬ್ರೆಡ್ ಎರಡನೇ ದಿನವೂ ಮೆತ್ತಗಿರುತ್ತದೆ. ಜಪಾನಿನ ಬೇಕರಿಗಳಲ್ಲಿದ್ದ ಈ ಉಪಾಯವನ್ನು ಚೀನೀ ಭಾಷೆಯಾಡುವ ಮನೆಮನೆಗೆ ಮುಟ್ಟಿಸಿದ್ದು 2007ರಲ್ಲಿ ತೈವಾನ್‌ನಲ್ಲಿ ಬಂದ ಇವೊನ್ ಚೆನ್ ಅವರ ಪುಸ್ತಕ. ಅಲ್ಲಿಂದ ಅದು ಜಗತ್ತು ಸುತ್ತಿತು. ಮಲೆನಾಡಿನ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಸಿ ಅಕ್ಕಿಹಿಟ್ಟಿನ ರೊಟ್ಟಿ ಆರಿದೊಡನೆ ಹಪ್ಪಳವಾಗುತ್ತದೆ, ಹಿಟ್ಟನ್ನು ಕುದಿನೀರಿಗೆ ಹಾಕಿ ಉಕ್ಕರಿಸಿ ನಾದಿ ಮಾಡಿದ ರೊಟ್ಟಿ ಸಂಜೆಯವರೆಗೂ ಮಡಚಲು ಬರುತ್ತದೆ. ಬ್ರೆಡ್ಡಿನಲ್ಲಿ ನಡೆಯುವುದು ಇದೇ ರಸಾಯನ. ಅಕ್ಕಿಗೆ ಗ್ಲುಟೆನ್ ಇಲ್ಲದ್ದರಿಂದ ಅಲ್ಲಿ ಹಿಟ್ಟನ್ನೆಲ್ಲ ಉಕ್ಕರಿಸುತ್ತೇವೆ. ಇಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಬೇಯಿಸಿದರೆ ಸಾಕು, ಮಿಕ್ಕದ್ದು ಜಾಲ ಹೆಣೆಯಲು ಹಸಿಯಾಗಿಯೇ ಇರಬೇಕು.

ಸರಿ ಆರಿದ ಮೇಲೆ ಅದಕ್ಕೆ ಗಟ್ಟಿ ಹೆಪ್ಪನ್ನು ಚೂರು ಚೂರು ಮಾಡಿ ಹಾಕಿ, ಮೈದಾ 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಹಾಲು 120 ಗ್ರಾಂ, ಸಕ್ಕರೆ 25 ಗ್ರಾಂ, ಉಪ್ಪು 8 ಗ್ರಾಂ ಸೇರಿಸಿ ಕಲಸಿ. ಸೆಖೆಗಾಲದಲ್ಲಿ ಹಾಲು ಫ್ರಿಜ್ಜಿನಿಂದ ನೇರವಾಗಿ ಬರಲಿ, ನಾದುವ ಬಿಸಿಗೆ ಕಣಕ ತಾನೇ 26ಕ್ಕೆ ಬರುತ್ತದೆ. ಬೆಣ್ಣೆ 40 ಗ್ರಾಂ ಈಗಲೇ ಬೇಡ. ಜಿಡ್ಡು ಮೊದಲೇ ಬಿದ್ದರೆ ಗ್ಲುಟೆನ್ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುವುದು ತಡವಾಗುತ್ತದೆ. ಹತ್ತು ನಿಮಿಷ ನಾದಿ, ಕಣಕ ಒಂದು ಮುದ್ದೆಯಾಗಿ ಕೂಡಿದ ಮೇಲೆ ಬೆಣ್ಣೆಯನ್ನು ಎರಡು ಮೂರು ಕಂತಿನಲ್ಲಿ ಸೇರಿಸಿ. ಬೆಣ್ಣೆ ಹಾಕಿದೊಡನೆ ಕಣಕ ಹರಿದು ಜಾರಿ ಪಾತ್ರೆಯ ತುಂಬ ಅಂಟಿಕೊಳ್ಳುತ್ತದೆ. ಗಾಬರಿಯಾಗಿ ಹಿಟ್ಟು ಉದುರಿಸಬೇಡಿ. ಬ್ರೆಡ್ ಗಟ್ಟಿಯಾಗುವುದು ಆ ಎರಡು ಹಿಡಿ ಹಿಟ್ಟಿನಿಂದಲೇ. ಮತ್ತೆ ಹತ್ತು ಹದಿನೈದು ನಿಮಿಷ ಅಂಗೈ ಬುಡದಿಂದ ಉಜ್ಜಿ ಉಜ್ಜಿ ಮಡಚುತ್ತ ಹೋದರೆ ಜಿಡ್ಡೆಲ್ಲ ಒಳಗೆ ಹೋಗಿ ಕೈ ಬಿಟ್ಟುಕೊಂಡು ಮಿನುಗುವ ಮುದ್ದೆ ಬರುತ್ತದೆ. ಒಂದು ನಿಂಬೆಗಾತ್ರದ ತುಂಡನ್ನು ಬೆರಳ ತುದಿಗಳಿಂದ ನಿಧಾನಕ್ಕೆ ನಾಲ್ಕೂ ಕಡೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಬೆರಳಿನ ನೆರಳು ಆಚೆಗೆ ಕಾಣುವಷ್ಟು ತೆಳುವಾದ ಪೊರೆ ಹರಿಯದೆ ನಿಂತರೆ ನಾದುವುದು ನಿಲ್ಲಿಸಬಹುದು. ತೂತು ಬಿದ್ದು ಅಂಚು ಹರಕು ಮುರುಕಾದರೆ ಇನ್ನೂ ನಾದಬೇಕು. ಗ್ರೈಂಡರಿನಲ್ಲಿ ಹಿಟ್ಟು ಕಲಸುವ ಅಲಗು ಇದ್ದವರಿಗೆ ಈ ತೋಳಿನ ನೋವು ತಪ್ಪುತ್ತದೆ.

ಉಬ್ಬಲು ಬಿಟ್ಟ ಮೇಲೆ ಗಡಿಯಾರ ನೋಡಬೇಡಿ. ನೇರ ಗೋಡೆಯ ಡಬ್ಬಿಯಲ್ಲಿ ಕಣಕ ಹಾಕಿ, ಅದರ ಮಟ್ಟಕ್ಕೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಎಷ್ಟು ಏರಿತೆಂದು ಸುಳ್ಳಿಲ್ಲದೆ ಗೊತ್ತಾಗುತ್ತದೆ. ಬೆಣ್ಣೆ, ಸಕ್ಕರೆ ಇರುವ ಕಣಕ ಎರಡು ಪಾಲಾಗಲಿ ಎಂದು ಕಾಯಬಾರದು, ಒಂದೂವರೆ ಪಾಲಾದರೆ ಸಾಕು. 26 ಡಿಗ್ರಿಯಲ್ಲಿ ನಾಲ್ಕೈದು ಗಂಟೆ, 30 ದಾಟಿದರೆ ಮೂರಕ್ಕೂ ಕಡಿಮೆ. ಸೆಖೆ ವಿಪರೀತ ಇದ್ದರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು, ಅಲ್ಲಿ ಫ್ರಿಜ್ಜೇ ಗತಿ. ಹೀಗೆ ಅರ್ಧ ಉಬ್ಬಿದ್ದನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಬೆಳಿಗ್ಗೆ ಲಟ್ಟಿಸಲು ಬಹಳ ಹಗುರ. ಆ ಚಳಿಯಲ್ಲಿ ಹುಳಿಯೂ ಹೆಚ್ಚು ಏರುವುದಿಲ್ಲ.

ಕಣಕವನ್ನು ಮೂರು ಭಾಗ ಮಾಡಿ, ಒಂದೊಂದನ್ನೂ ಉದ್ದಕ್ಕೆ ಲಟ್ಟಿಸಿ, ಎರಡೂ ಬದಿ ಮಡಚಿ, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ ಟಿನ್ನಿನಲ್ಲಿ ಸಾಲಾಗಿ ನಿಲ್ಲಿಸಿ. ದೊಡ್ಡ ಗುಳ್ಳೆಗಳೆಲ್ಲ ಲಟ್ಟಣಿಗೆಗೆ ಒಡೆದು ಸಣ್ಣ ಸಣ್ಣ ಸಮ ರಂಧ್ರಗಳು ಉಳಿಯುತ್ತವೆ. ಕೆಫೆಯ ದುಂಡು ಬ್ರೆಡ್ಡಿಗೆ ದೊಡ್ಡ ತೂತು ಹೆಮ್ಮೆ, ಸ್ಯಾಂಡ್‌ವಿಚ್ಚಿಗೆ ಅದೇ ಶಾಪ. ಟಿನ್ನಿನ ಅಂಚಿಗೆ ಒಂದು ಬೆರಳು ಕೆಳಗಿನವರೆಗೆ ಏರಲಿ, ಫ್ರಿಜ್ಜಿನಿಂದ ಬಂದದ್ದಾದರೆ ಇನ್ನೂ ಎರಡು ಗಂಟೆ ಹೆಚ್ಚು ಹಿಡಿದೀತು. ಬೆರಳಿನಿಂದ ಮೆಲ್ಲಗೆ ಒತ್ತಿದ ಗುಳಿ ನಿಧಾನವಾಗಿ ಅರ್ಧ ತುಂಬಿಕೊಂಡರೆ ಹದ.

ಓವನ್ 180ಕ್ಕೆ ಕಾದಿರಲಿ. ಓಟಿಜಿಯ ಗುಬ್ಬಿ ತೋರಿಸುವ ಅಂಕಿಗೂ ಒಳಗಿನ ಕಾವಿಗೂ ಆಗಾಗ ತಾಳೆಯಾಗುವುದಿಲ್ಲ, ಒಳಗೆ ತೂಗುಹಾಕುವ ಥರ್ಮಾಮೀಟರ್ ಒಂದಿದ್ದರೆ ಒಳ್ಳೆಯದು. ಟಿನ್ ಕೆಳಗಿನ ಅಂತಸ್ತಿನಲ್ಲಿರಲಿ. 35 ರಿಂದ 40 ನಿಮಿಷ ಬೇಕು. ಮೇಲ್ಭಾಗ ಬೇಗ ಕಂದಿದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ನಡುವಿನ ಉಷ್ಣಾಂಶ 93 ರಿಂದ 95 ಡಿಗ್ರಿ ಮುಟ್ಟಿದರೆ ಬೆಂದಿದೆ. ಹೊರತೆಗೆದೊಡನೆ ಮೇಲೆ ಬೆಣ್ಣೆ ಸವರಿ, ಟಿನ್ನಿನಿಂದ ಬಿಡಿಸಿ, ಜಾಲರಿಯ ಮೇಲಿಟ್ಟು ತೆಳು ಬಟ್ಟೆ ಹೊದಿಸಿ. ಒಳಗಿನ ಹಬೆ ತೊಗಟೆಗೆ ಬಂದು ಅದನ್ನೂ ಮೆದು ಮಾಡುತ್ತದೆ. ಎರಡು ಗಂಟೆ ಚಾಕು ಮುಟ್ಟಬಾರದು, ಪಿಷ್ಟ ಇನ್ನೂ ಗಟ್ಟಿಗೊಂಡಿರುವುದಿಲ್ಲ, ಕೊಯ್ದರೆ ಅಂಟುಅಂಟಾಗಿ ಮುದ್ದೆಯಾಗುತ್ತದೆ. ಮನೆ ತುಂಬ ವಾಸನೆ ಹರಡಿದಾಗ ಇದನ್ನು ಪಾಲಿಸುವುದೇ ಇಡೀ ಕೆಲಸದಲ್ಲಿ ಕಷ್ಟದ್ದು.

ಇಷ್ಟೆಲ್ಲ ಪಡಿಪಾಟಲು ಯಾಕೆ, ಮೂಲೆಯಂಗಡಿಯಲ್ಲಿ ಬ್ರೆಡ್ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. 1961ರಲ್ಲಿ ಇಂಗ್ಲೆಂಡಿನ ಚೋರ್ಲಿವುಡ್‌ನಲ್ಲಿ ರೂಪುಗೊಂಡ ವಿಧಾನದಲ್ಲಿ ಯಂತ್ರ ನಾದುವ ರಭಸವೇ ಹುದುಗುವ ಗಂಟೆಗಳ ಜಾಗ ಹಿಡಿಯಿತು. ಹಿಟ್ಟು ಬ್ರೆಡ್ಡಾಗಿ ಪೊಟ್ಟಣ ಸೇರಲು ಮೂರೂವರೆ ಗಂಟೆ ಸಾಕಾಯಿತು. ನಮ್ಮಲ್ಲಿ ದುರ್ಬಲ ಮೈದಾವನ್ನೂ ಎತ್ತರಕ್ಕೆ ನಿಲ್ಲಿಸಲು ಕಾರ್ಖಾನೆಗಳು ಪೊಟ್ಯಾಸಿಯಂ ಬ್ರೋಮೇಟ್ ಬಳಸುತ್ತಿದ್ದವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2016ರಲ್ಲಿ ಬ್ರೆಡ್ ಮಾದರಿಗಳನ್ನು ಪರೀಕ್ಷಿಸಿ ವರದಿ ಕೊಟ್ಟ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು. ಆ ರಾಸಾಯನಿಕ ಮಾಡುತ್ತಿದ್ದ ಗ್ಲುಟೆನ್ ಬಿಗಿಯುವ ಕೆಲಸವನ್ನು ಮಿತವಾದ ಹುಳಿಯೂ ಕಾಲವೂ ಸೇರಿ ಗಂಟೆಗಳಲ್ಲಿ ಮಾಡುತ್ತವೆ.

ಹಾಗೆಂದು ಇದನ್ನು ಔಷಧ ಮಾಡುವುದು ಬೇಡ. ಸೌರ್‌ಡೋದಲ್ಲಿ ಗ್ಲುಟೆನ್ ಇರುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದಂತೆ ಎಂದು ಕೇಳುವವರಿಗೆ ಮೇಲಿನ ಪಟ್ಟಿಯಲ್ಲಿರುವ ಮೈದಾ, ಸಕ್ಕರೆ, ಬೆಣ್ಣೆಯನ್ನು ಇನ್ನೊಮ್ಮೆ ಓದಲು ಹೇಳಬೇಕು.

ಒಂದು ನಿಜವಾದ ಲಾಭವಿದೆ, ಅದು ಬಾಳಿಕೆ. ಮಳೆಗಾಲದಲ್ಲಿ ಬ್ರೆಡ್ಡಿನ ಒಳಗೆ ನೂಲು ನೂಲಾಗಿ ಅಂಟು ಬಂದು ಕೊಳೆತ ಹಣ್ಣಿನ ವಾಸನೆ ಹೊಡೆಯುವುದನ್ನು ಕಂಡಿರಬಹುದು. ಹಿಟ್ಟಿನಲ್ಲಿರುವ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳು ಓವನ್ನಿನ ಕಾವಿಗೂ ಸಾಯದೆ ಉಳಿದು, ಸೆಖೆಯಲ್ಲಿ ಮೊಳೆತು ಹೀಗೆ ಮಾಡುತ್ತವೆ. ಹುಳಿ ಇದ್ದಲ್ಲಿ ಅವು ತಲೆ ಎತ್ತಲಾರವು. ಅಂಗಡಿಯ ಬ್ರೆಡ್ಡಿಗೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕುವುದು ಇವನ್ನೂ ಬೂಷ್ಟನ್ನೂ ತಡೆಯಲಿಕ್ಕೆ. ಹಾಗಾಗಿ ಹುಳಿಯನ್ನು ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ, ನಾಲಿಗೆಗೆ ತಿಳಿಯದಷ್ಟು ಇದ್ದರೂ ಅದು ಕಾವಲು ಕಾಯುತ್ತದೆ.

ಮಿಕ್ಕ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಬ್ರೆಡ್ ಹಳಸಲಾಗಿ ಗಟ್ಟಿಯಾಗುವುದು ನೀರು ಆರಿದ್ದರಿಂದ ಎಂದು ನಾವು ತಿಳಿದಿದ್ದೇವೆ. ಹಾಗಲ್ಲವೆಂದು ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಾಂಗೋ 1852ರಲ್ಲೇ ತೋರಿಸಿದ. ನೀರು ಆರದಂತೆ ಮುಚ್ಚಿಟ್ಟರೂ ಬ್ರೆಡ್ ಗಟ್ಟಿಯಾಯಿತು, ಮತ್ತೆ ಬಿಸಿ ಮಾಡಿದರೆ ಮೆತ್ತಗಾಯಿತು. ಬೆಂದು ಊದಿದ ಪಿಷ್ಟ ಮತ್ತೆ ಸಾಲುಗೂಡಿ ಹರಳುಗಟ್ಟುವುದೇ ಇದಕ್ಕೆ ಕಾರಣ. ಆ ಕೆಲಸ ಅತಿ ವೇಗವಾಗಿ ನಡೆಯುವುದು ಫ್ರಿಜ್ಜಿನ ಚಳಿಯಲ್ಲಿ. ಎರಡು ಮೂರು ದಿನಕ್ಕೆ ಡಬ್ಬಿ ಸಾಕು. ಅದಕ್ಕೂ ಮೀರಿದ್ದನ್ನು ಹೋಳು ಮಾಡಿ ಫ್ರೀಜರಿನಲ್ಲಿಟ್ಟು ಬೇಕಾದಾಗ ನೇರವಾಗಿ ಕಾವಲಿಗೆ ಹಾಕಬಹುದು.

ಪ್ರತಿ ಸಲ ಊಟ ಹಾಕುವಾಗ ತೆಗೆದು ಚೆಲ್ಲುವ ಹೆಪ್ಪು ಕಂಡರೆ ನಮ್ಮ ಮನೆಗಳಲ್ಲಿ ಹೊಟ್ಟೆ ಉರಿಯುತ್ತದೆ. ಹೆಪ್ಪು ಸರಿಯಾಗಿ ಎದ್ದ ಮೇಲೆ ಚೆಲ್ಲಬೇಕಿಲ್ಲ. ಒಂದು ಡಬ್ಬಿಯಲ್ಲಿ ಕೂಡಿಸುತ್ತ ಫ್ರಿಜ್ಜಿನಲ್ಲಿಡಿ. ರವೆ ದೋಸೆಗೆ ಮೈದಾವೂ ಹುಳಿ ಮಜ್ಜಿಗೆಯೂ ಹಾಕುತ್ತೇವಲ್ಲ, ಅವೆರಡರ ಬದಲಿಗೆ ಈ ಹಿಟ್ಟನ್ನು ಸುರಿದು, ರವೆ, ಅಕ್ಕಿಹಿಟ್ಟು, ಜೀರಿಗೆ, ಹಸಿಮೆಣಸು, ಶುಂಠಿ ಸೇರಿಸಿ ನೀರಾಗಿ ಕದಡಿ ಅರ್ಧ ಗಂಟೆ ಬಿಟ್ಟು ಕಾದ ಕಾವಲಿಗೆ ಎರಚಿದರೆ ಅಂಚು ಗರಿಗರಿಯಾಗಿ ಏಳುತ್ತದೆ. ಉಪ್ಪು ನೋಡಿ ಹಾಕಿ, ಹೆಪ್ಪಿನಲ್ಲಿ ಉಪ್ಪಿರುವುದಿಲ್ಲ.